ಫ್ಯಾನು ತಿರುಗಿದರೆ ಸಾಲದು

ನಾವು ಈ ಊರಿನ ಶಾಲೆಗೆ ಬಂದ ಹೊಸತರಲ್ಲಿ ಹಾಸನೂರಿನಲ್ಲಿ ಯಾರಾದರೂ ಫ್ಯಾನಿನ ಮಾತೆತ್ತಿದರೆ ಜನ ನಗುತ್ತಿದ್ದರು. ಕೆಳಗೆ ಸತ್ಯಮಂಗಲದಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಸ್ಸು ಹತ್ತಿದವರು ದಿಂಬಂ ಘಾಟಿಯ 27 ತಿರುವು ಮುಗಿಯುವಷ್ಟರಲ್ಲಿ ಕಿಟಕಿ ಮುಚ್ಚಿ ಎಂದು ಕಂಡಕ್ಟರಿಗೆ ಹೇಳುತ್ತಿದ್ದರು. "ಬೆಟ್ಟದ ಗಾಳಿ ಬೀಸ್ತಾ ಇರುವಾಗ ಕರೆಂಟಿನ ಗಾಳಿ ಯಾಕೆ ಸಾ?" ಎನ್ನುವುದು ಇಲ್ಲಿನ ಹಿರಿಯರ ಮಾತಾಗಿತ್ತು.

ಈಗ ಆ ಮಾತು ನಡೆಯುವುದಿಲ್ಲ. ಹೆಂಚು ಇಳಿಸಿ ಶೀಟು ಹೊದಿಸಿದ ಮನೆಗಳಿವೆ, ತಗ್ಗಾದ ತಾರಸಿ ಮನೆಗಳಿವೆ. ಮಾರ್ಚ್ ತಿಂಗಳು ಬಂತೆಂದರೆ ಮಧ್ಯಾಹ್ನ ಒಳಗೆ ಕೂರುವಂತಿಲ್ಲ. 2011ರಲ್ಲಿ ತಮಿಳುನಾಡು ಸರ್ಕಾರ ಪಡಿತರ ಚೀಟಿಯ ಕುಟುಂಬಗಳ ಹೆಂಗಸರಿಗೆ ಮಿಕ್ಸಿ, ಗ್ರೈಂಡರ್, ಟೇಬಲ್ ಫ್ಯಾನು ಉಚಿತವಾಗಿ ಕೊಡುವ ಯೋಜನೆ ಆರಂಭಿಸಿತು. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಮೊದಲ ಫ್ಯಾನು ಬಂದದ್ದು ಹಾಗೆ. ಆ ಫ್ಯಾನು ನೆಲದ ಮೇಲಿತ್ತು. ಕೆಟ್ಟರೆ ಮೂಲೆ ಸೇರುತ್ತಿತ್ತು, ಅಷ್ಟೇ. ಅದರ ಹಿಂದೆ ಬಂದದ್ದು ತಲೆಯ ಮೇಲೆ ಏರಿತು. ಈಗ ಮದುವೆಗೆ ಸೀಲಿಂಗ್ ಫ್ಯಾನು, ಗೃಹಪ್ರವೇಶಕ್ಕೆ ಸೀಲಿಂಗ್ ಫ್ಯಾನು. ಡಬ್ಬ ಬಿಚ್ಚಿದ ದಿನವೇ ಯಾರೋ ಒಬ್ಬರು ಕುರ್ಚಿ ಹತ್ತಿ ಸಿಕ್ಕಿಸಿಬಿಡುತ್ತಾರೆ. ಸ್ವಿಚ್ಚು ಒತ್ತಿದರೆ ತಿರುಗುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕೆಲಸ ಮುಗಿಯಿತು!

ಮುಗಿಯಿತೇ? ನಾವು ಈ ಮಾತು ಕೇಳುತ್ತಿರುವುದು ಬೇರೆಯವರನ್ನಲ್ಲ, ಮೊದಲು ನಮ್ಮನ್ನೇ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇವೆ.

ಎರಡು ಬೇಸಿಗೆಯ ಹಿಂದೆ ನಮ್ಮ ಮನೆಯ ನಡುಮನೆಗೆ ಚಾಮರಾಜನಗರದಿಂದ ಒಂದು ಫ್ಯಾನು ತಂದೆವು. ಪುಣಜನೂರು ಚೆಕ್‌ಪೋಸ್ಟ್ ದಾಟಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ ಫ್ಯಾನು. ವೈರ್‌ಮನ್‌ಗೆ ಹೇಳಿಕಳಿಸಿದರೆ ಬರುವುದಕ್ಕೆ ವಾರ ಆಗುತ್ತದೆಂದು ನಾವೇ ಏರಿ ಹಾಕಿದೆವು. ಚೆನ್ನಾಗಿಯೇ ತಿರುಗಿತು. ತಿಂಗಳು ಕಳೆದ ಮೇಲೆ ಟಿಕ್ ಟಿಕ್ ಎಂಬ ಸಣ್ಣ ಸದ್ದು ಶುರುವಾಯಿತು. ಮನೆಯವರು ಎರಡು ಸಲ ಹೇಳಿದರು. "ಹೊಸ ಫ್ಯಾನು, ಒಗ್ಗಿಕೊಳ್ಳುತ್ತದೆ ಬಿಡು" ಎಂದೆವು. ಸದ್ದು ಕೇಳಬಾರದೆಂದು ರೆಗ್ಯುಲೇಟರನ್ನು ಎರಡಕ್ಕೆ ಇಳಿಸಿದೆವು. ಒಂದು ಸಂಜೆ ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬ ಹಾಲು ಕೊಡಲು ಬಂದವನು ಬಾಗಿಲಲ್ಲೇ ನಿಂತು ಮೇಲೆ ನೋಡಿದ. ಅವನ ಮಾವ ತಿರುಪ್ಪೂರಿನಲ್ಲಿ ಕರೆಂಟ್ ಕೆಲಸ ಮಾಡುವವರು. ರಜೆಯಲ್ಲಿ ಇವನೂ ಅವರ ಜೊತೆ ಹೋಗಿ ಕೆಲಸ ನೋಡಿದವನು.

"ಸಾ, ಮೇಲಿನ ಬಟ್ಟಲು ಜಾರದೆ ನೋಡಿ. ಬೋಲ್ಟು ಕಾಣ್ತಾ ಅದೆ. ಅದಕ್ಕೆ ಪಿನ್ನೇ ಹಾಕಿಲ್ವಲ್ಲ ಸಾ?"

ಮೇನ್ ಆಫ್ ಮಾಡಿ, ಏಣಿ ತಂದು ಹತ್ತಿ ನೋಡಿದರೆ ರಾಡಿನ ತುದಿಯ ನಟ್ಟು ಕಳಚಿ ಬಟ್ಟಲಿನೊಳಗೆ ಬಿದ್ದಿತ್ತು. ಬೋಲ್ಟು ಅರ್ಧಕ್ಕೂ ಮಿಕ್ಕಿ ಹೊರಗೆ ಬಂದಿತ್ತು. ಆ ಬೋಲ್ಟಿನ ಕೆಳಗೆ ನೇರವಾಗಿ ನಮ್ಮ ಮಗಳು ಚಾಪೆ ಹಾಸಿಕೊಂಡು ಹೋಂವರ್ಕ್ ಮಾಡುವ ಜಾಗ. ಹಾಕದೆ ಉಳಿದ ಪಿನ್ನು ಫ್ಯಾನಿನ ಡಬ್ಬದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಇತ್ತು. ಒಂದು ರೂಪಾಯಿಯೂ ಬಾಳದ ತಂತಿಯ ತುಂಡು.

ಅವತ್ತಿನಿಂದ ನಮ್ಮ ತಲೆಯಲ್ಲಿ ಒಂದೇ ವಿಷಯ ಕೊರೆಯುತ್ತಿದೆ. ನಾವು ಟಿಸಿಎಚ್ ಮುಗಿಸಿ, ಬಿ.ಎ. ಮಾಡಿಕೊಂಡು, ಇಷ್ಟು ವರ್ಷ ಬಲ, ಚಲನೆ, ವಿದ್ಯುತ್ತು ಎಂದು ಕಪ್ಪುಹಲಗೆಯ ಮೇಲೆ ಬರೆದವರು. ಆದರೂ ನಮ್ಮ ಮನೆಯ ಸೂರಿಗೆ ಆ ಪಾಠ ಏರಿರಲಿಲ್ಲ. ಫ್ಯಾನು ಹಾಕುವುದು ಮೇಸ್ತ್ರಿಯ ಕೆಲಸ, ತಿರುಗಿದರೆ ಸರಿ ಎಂದುಕೊಂಡಿದ್ದೆವು. ನಮ್ಮ ಈಗಿನ ಅಭಿಪ್ರಾಯ ಬೇರೆ. ಫ್ಯಾನನ್ನು ಯಾರಾದರೂ ಹಾಕಲಿ, ಸರಿಯಾಗಿ ಹಾಕಿದ್ದಾರೆಯೇ ಎಂದು ನೋಡುವ ತಿಳಿವಳಿಕೆ ಮನೆಯವರಿಗೆ ಇರಬೇಕು. ಆ ತಿಳಿವಳಿಕೆ ಮನೆಗೆ ಹೋಗಬೇಕಾದ ದಾರಿ ನಮ್ಮ ಕನ್ನಡ ಶಾಲೆಯದು.

ಯಾಕೆ ಇಷ್ಟು ದೊಡ್ಡ ಮಾತು ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಪೇಟೆಯಲ್ಲಿ 48 ಇಂಚು ಎಂದು ಕೊಡುವ ಫ್ಯಾನಿನ ಹರವು 1200 ಮಿಲಿಮೀಟರ್, ಅಂದರೆ ವ್ಯಾಸ 1.2 ಮೀಟರ್. 3.14ರಿಂದ ಗುಣಿಸಿದರೆ ಪರಿಧಿ ಸುಮಾರು 3.77 ಮೀಟರ್. ಪೂರ್ತಿ ವೇಗದಲ್ಲಿ ನಿಮಿಷಕ್ಕೆ 380 ಸುತ್ತು ಎಂದಿಟ್ಟುಕೊಳ್ಳಿ. ರೆಕ್ಕೆಯ ತುದಿ ನಿಮಿಷಕ್ಕೆ 1,430 ಮೀಟರ್ ಓಡುತ್ತದೆ. ಗಂಟೆಗೆ ಸುಮಾರು 86 ಕಿಲೋಮೀಟರ್. ನಮ್ಮ ಘಾಟಿ ಬಸ್ಸು ಕನಸಿನಲ್ಲೂ ಕಾಣದ ವೇಗ ಅದು. ಇನ್ನು ಸುತ್ತಿನ ಲೆಕ್ಕ: ರಾತ್ರಿ ಎಂಟು ಗಂಟೆ ಕಾಲ ತಿರುಗಿದರೆ 1,82,400 ಸುತ್ತು. ನಾಲ್ಕೈದು ಕಿಲೋ ತೂಕದ ವಸ್ತು ಅಷ್ಟು ಸಲ ತಿರುಗುತ್ತಾ ಅಷ್ಟು ಸಲವೂ ಸ್ವಲ್ಪ ಸ್ವಲ್ಪ ಅದುರುತ್ತದೆ. ಜೊತೆಗೆ ನ್ಯೂಟನ್ನನ ಮೂರನೆಯ ನಿಯಮವೂ ಇದೆ. ಮೋಟಾರು ರೆಕ್ಕೆಯನ್ನು ಒಂದು ಕಡೆಗೆ ತಿರುಗಿಸಿದರೆ ಅದೇ ಬಲ ರಾಡನ್ನು ಇನ್ನೊಂದು ಕಡೆಗೆ ತಿರುಚಲು ನೋಡುತ್ತದೆ. ನಟ್ಟು ಸಡಿಲವಾಗುವುದು ಹೀಗೆ. ಪಿನ್ನು ಇದ್ದರೆ ನಟ್ಟು ಸಡಿಲವಾದರೂ ಕಳಚಿ ಬೀಳುವುದಿಲ್ಲ. ಪಿನ್ನಿನ ಎರಡು ಕಾಲುಗಳನ್ನು ಅಗಲಿಸಿ ಮಡಚುವುದು ಅದಕ್ಕೇ.

ಈಗ ಮೇಲಿನಿಂದ ಕೆಳಗೆ ಬರೋಣ. ಮೊದಲು ಕೊಕ್ಕೆ. ತಾರಸಿ ಮನೆಯಾದರೆ ಕಾಂಕ್ರೀಟು ಹಾಕುವಾಗಲೇ ಒಳಗಿನ ಕಂಬಿಗೆ ಸೇರಿಸಿ ಕಟ್ಟಿದ ದಪ್ಪ ಕಬ್ಬಿಣದ ಕೊಕ್ಕೆ ಇರಬೇಕು. ಹಳೆಯ ಮನೆಗಳಲ್ಲಿ ತಾರಸಿ ಸೋರಿ ಕೊಕ್ಕೆ ತುಕ್ಕು ಹಿಡಿದಿರುತ್ತದೆ. ಬಣ್ಣ ಬಳಿದರೆ ತುಕ್ಕು ಕಾಣುವುದಿಲ್ಲ, ಆದರೆ ಹೋಗಿಯೂ ಇರುವುದಿಲ್ಲ. ಹೆಂಚಿನ ಮನೆಯಾದರೆ ಗಟ್ಟಿ ತೊಲೆಗೆ ಸುತ್ತುವ ಕಬ್ಬಿಣದ ಪಟ್ಟಿಯ ಕ್ಲಾಂಪು ಬೇಕು. ಹೆಂಚು ಕೂರುವ ರೀಪಿಗೆ ಫ್ಯಾನು ಕಟ್ಟುವುದು, ಗೆದ್ದಲು ತಿಂದ ಜಂತೆಗೆ ಕಟ್ಟುವುದು, ಶೀಟು ತಾಳಲೆಂದು ಹಾಕಿದ ತೆಳ್ಳನೆಯ ಪೈಪಿಗೆ ತಂತಿ ಸುತ್ತಿ ನೇತುಹಾಕುವುದು, ಈ ಮೂರನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ಶೀಟು ಮನೆಗೆ ಫ್ಯಾನು ಬೇಕೇ ಬೇಕು ಎಂದಾದರೆ ಗೋಡೆಯಿಂದ ಗೋಡೆಗೆ ಪ್ರತ್ಯೇಕವಾಗಿ ಗಟ್ಟಿ ಕಬ್ಬಿಣದ ಅಡ್ಡಪಟ್ಟಿ ಕೂರಿಸಿ ಅದಕ್ಕೆ ಹಾಕಬೇಕು.

ಆಮೇಲೆ ಎತ್ತರ. ರೆಕ್ಕೆ ನೆಲದಿಂದ 2.4 ಮೀಟರ್, ಅಂದರೆ ಸುಮಾರು ಎಂಟು ಅಡಿ ಮೇಲಿರಬೇಕು. ರೆಕ್ಕೆಗೂ ಸೂರಿಗೂ ನಡುವೆ ಒಂದು ಅಡಿಯಾದರೂ ಬಿಡಬೇಕು. ಇಲ್ಲದಿದ್ದರೆ ಗಾಳಿಯೂ ಬರುವುದಿಲ್ಲ. ಅಂದರೆ ಸೂರು ಒಂಬತ್ತು ಅಡಿಯಾದರೂ ಇರಬೇಕು. ಅಪ್ಪನ ಹೆಗಲ ಮೇಲೆ ಕೂತ ಮಗು ಕೈ ಎತ್ತಿದರೆ ಎಲ್ಲಿಗೆ ಮುಟ್ಟುತ್ತದೆ ನೋಡಿ, ಆಗ ಎಂಟು ಅಡಿ ಹೆಚ್ಚೇನೂ ಅಲ್ಲ ಎಂದು ಗೊತ್ತಾಗುತ್ತದೆ. ಮಂಚದ ಮೇಲೆ ನಿಂತು ಸೊಳ್ಳೆಪರದೆ ಕಟ್ಟುವವರ ಕೈಗೂ ಅದೇ ಮಾತು. ನಮ್ಮ ದೊಡ್ಡಿ, ಪೋಡುಗಳ ಮನೆಗಳಲ್ಲಿ ಅಷ್ಟು ಎತ್ತರ ಎಷ್ಟು ಕಡೆ ಇದೆ? ಇಲ್ಲದ ಕಡೆ ಸೀಲಿಂಗ್ ಫ್ಯಾನು ಬೇಡ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ. ಗೋಡೆಗೆ ಹಾಕುವ, ಜಾಲರಿ ಇರುವ ಫ್ಯಾನೇ ಅಲ್ಲಿಗೆ ಸರಿ. ಪಕ್ಕದ ಮನೆಯಲ್ಲಿ ಮೇಲೆ ತಿರುಗುತ್ತಿದೆ ಎಂದು ನಮ್ಮಲ್ಲೂ ಮೇಲೆಯೇ ತಿರುಗಬೇಕೆಂಬ ಹಟಕ್ಕೆ ಮಕ್ಕಳ ಕೈಬೆರಳು ಬೆಲೆಯಾಗಬಾರದು.

ಮೂರನೆಯದು ಕರೆಂಟು. ಗೋಡೆಯ ಸ್ವಿಚ್ಚು ಆರಿಸಿದರೆ ಸಾಕು ಎಂದು ನಂಬಿ ಏಣಿ ಹತ್ತುವವರೇ ಹೆಚ್ಚು. ಸ್ವಿಚ್ಚು ಇರಬೇಕಾದ್ದು ಫೇಸ್ ತಂತಿಯಲ್ಲಿ. ಹಿಂದೆ ಯಾರೋ ತಪ್ಪಿ ನ್ಯೂಟ್ರಲ್‌ನಲ್ಲಿ ಸ್ವಿಚ್ಚು ಕೊಟ್ಟಿದ್ದರೆ, ಆರಿಸಿದ ಮೇಲೂ ಮೇಲಿನ ತಂತಿಯಲ್ಲಿ 230 ವೋಲ್ಟ್ ಕಾದು ಕೂತಿರುತ್ತದೆ. ಆದ್ದರಿಂದ ಮೇನ್ ಸ್ವಿಚ್ಚನ್ನೇ ಇಳಿಸಬೇಕು, ಇನ್ನೊಬ್ಬರು ಅದರ ಹತ್ತಿರ ನಿಂತಿರಬೇಕು, ಟೆಸ್ಟರಿನಲ್ಲಿ ನೋಡಿಯೇ ತಂತಿ ಮುಟ್ಟಬೇಕು. ಆ ಟೆಸ್ಟರು ಸರಿಯಿದೆಯೇ ಎಂದು ಮೊದಲೇ ಕರೆಂಟಿರುವ ಕಡೆ ನೋಡಿಕೊಂಡಿರಬೇಕು. ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತುವ ಸರ್ಕಸ್ಸು ಬೇಡ. ಏಣಿ ಬೇಕು, ಏಣಿ ಹಿಡಿಯುವವರು ಬೇಕು.

ಫ್ಯಾನಿಗೆ ಮೂರು ತಂತಿ ಹೋಗಬೇಕು. ಮೂರನೆಯದು ಹಸಿರು, ಅರ್ಥಿಂಗ್. "ಅದಿಲ್ಲದೆಯೂ ತಿರುಗುತ್ತದೆ" ಎಂದು ಅದನ್ನು ಕತ್ತರಿಸಿ ಬಿಡುವುದು ಎಲ್ಲ ಕಡೆ ನಡೆಯುತ್ತಿದೆ. ಹೌದು, ತಿರುಗುತ್ತದೆ. ಆದರೆ ಮೋಟಾರಿನ ಒಳಗೆ ತಂತಿಯ ಮೈ ಸುಟ್ಟು ಕಬ್ಬಿಣಕ್ಕೆ ತಾಗಿದ ದಿನ, ಧೂಳು ಒರೆಸಲು ಕೈಯಿಟ್ಟವರು ಆ ಹಸಿರು ತಂತಿಯ ಜಾಗದಲ್ಲಿ ತಾವೇ ನಿಲ್ಲುತ್ತಾರೆ. ಎಂಸಿಬಿ ಇದೆಯಲ್ಲ ಎನ್ನುತ್ತಾರೆ ಕೆಲವರು. ಎಂಸಿಬಿ ಕಾಯುವುದು ತಂತಿಯನ್ನು. ಮನುಷ್ಯನನ್ನು ಶಾಕಿನಿಂದ ಕಾಯಲು ಇರುವುದು ಆರ್‌ಸಿಸಿಬಿ. ಮನೆಗೆ ಹಾಕುವಂಥದ್ದು 30 ಮಿಲಿಆಂಪಿಯರ್ ಸೋರಿಕೆ ಕಂಡರೂ ಕ್ಷಣದೊಳಗೆ ಕಡಿದುಹಾಕುತ್ತದೆ. ಹೊಸ ಮನೆ ಕಟ್ಟುವವರು ಟೈಲ್ಸಿನಲ್ಲಿ ಸ್ವಲ್ಪ ಉಳಿಸಿ ಇದಕ್ಕೆ ಖರ್ಚು ಮಾಡಲಿ.

ಕೊಳ್ಳುವಾಗಲೂ ಕಣ್ಣು ತೆರೆದಿರಬೇಕು. ಸೀಲಿಂಗ್ ಫ್ಯಾನಿಗೆ 2023ರ ಜನವರಿಯಿಂದ ಸ್ಟಾರ್ ಗುರುತಿನ ಚೀಟಿ ಕಡ್ಡಾಯವಾಗಿದೆ. ಐಎಸ್‌ಐ ಮುದ್ರೆ ಇರಲೇಬೇಕೆಂಬ ಆದೇಶವೂ ಅದೇ ವರ್ಷ ಬಂತು. ಹಳೆಯ ಬಗೆಯ 75 ವ್ಯಾಟಿನ ಫ್ಯಾನು ದಿನಕ್ಕೆ ಎಂಟು ಗಂಟೆ ತಿರುಗಿದರೆ ಎರಡು ತಿಂಗಳಿಗೆ 36 ಯೂನಿಟ್. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಸುಮಾರು 14 ಯೂನಿಟ್. ಆದರೆ ಬಿಎಲ್‌ಡಿಸಿ ಫ್ಯಾನನ್ನು ಗೋಡೆಯ ಹಳೆಯ ರೆಗ್ಯುಲೇಟರಿನ ಮೂಲಕ ಓಡಿಸಬಾರದು, ರೆಗ್ಯುಲೇಟರನ್ನು ತೆಗೆಸಿ ನೇರ ಸ್ವಿಚ್ಚಿಗೆ ಕೊಡಬೇಕು. ಎಷ್ಟೋ ಹೊಸ ಫ್ಯಾನುಗಳ ಡಬ್ಬದಲ್ಲಿ ಒಂದು ಸಣ್ಣ ಉಕ್ಕಿನ ಹುರಿಯೂ ಬರುತ್ತದೆ. ಮುಖ್ಯ ಬೋಲ್ಟು ಕೈಕೊಟ್ಟರೂ ಫ್ಯಾನನ್ನು ಬೀಳದಂತೆ ಹಿಡಿಯಲೆಂದು ಕೊಟ್ಟ ಹುರಿ ಅದು. ಬಟ್ಟೆ ಒಣಹಾಕುವ ಹಗ್ಗಕ್ಕೆ ಸೇರಿದ್ದನ್ನು ನೋಡಿ ನಾವು ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಷ್ಟು ಹೇಳಿದರೆ ನಮ್ಮವರು ಮೂರು ಪ್ರಶ್ನೆ ಕೇಳುತ್ತಾರೆ. ಮೂರೂ ನ್ಯಾಯವಾದವೇ.

ಒಂದು: "ಎಲ್ಲರೂ ಹೀಗೇ ಹಾಕಿದ್ದಾರೆ ಸಾ, ಯಾರಿಗೆ ಏನಾಗಿದೆ?" ನಮ್ಮ ಮನೆಯ ಫ್ಯಾನು ಬಿದ್ದಿರಲಿಲ್ಲ, ಅದೂ 'ಏನೂ ಆಗದ' ಫ್ಯಾನೇ. ಬೋಲ್ಟು ಅರ್ಧ ಹೊರಗಿದ್ದದ್ದು ಮಾತ್ರ ನಿಜ. ಬೀಳುವ ತನಕ ಎಲ್ಲ ಫ್ಯಾನೂ ಸರಿಯಾಗಿಯೇ ಇರುತ್ತದೆ.

ಎರಡು: "ವೈರ್‌ಮನ್ ಬೆಟ್ಟಕ್ಕೆ ಬರೋದಿಲ್ಲ, ಬಂದರೂ ಬಸ್ ಚಾರ್ಜು, ದಿನದ ಕೂಲಿ ಕೊಟ್ಟು ಪೂರೈಸೋದಿಲ್ಲ." ಇದು ಒಪ್ಪಬೇಕಾದ ಕಷ್ಟ. 2022ರಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಕತ್ತಲಾಗುವ ಮೊದಲು ಇಳಿಯಬೇಕೆಂದು ಯಾರೂ ಸಣ್ಣ ಕೆಲಸಕ್ಕೆ ಹತ್ತಿ ಬರುವುದಿಲ್ಲ. ಕಾನೂನು ಕೂಡ ಎಲ್ಲದಕ್ಕೂ ಲೈಸೆನ್ಸ್ ಕೇಳಿಲ್ಲ. 1956ರ ವಿದ್ಯುತ್ ನಿಯಮಗಳ ಕಾಲದಿಂದಲೂ, ಇರುವ ಜಾಗದಲ್ಲೇ ಬಲ್ಬು, ಫ್ಯಾನು, ಸ್ವಿಚ್ಚು ಬದಲಿಸುವುದಕ್ಕೆ ವಿನಾಯಿತಿ ಇತ್ತು. ಹೊಸದಾಗಿ ತಂತಿ ಎಳೆಯುವುದು, ಹೊಸ ಪಾಯಿಂಟು ಕೊಡುವುದು ಮಾತ್ರ ಲೈಸೆನ್ಸ್ ಇರುವವರ ಕೈಯಲ್ಲೇ ಆಗಬೇಕು. ನಮ್ಮ ಸಲಹೆ ಇಷ್ಟೇ: ಒಂದೊಂದು ಮನೆಯವರು ಒಂದೊಂದು ಸಲ ಕರೆಯುವ ಬದಲು ಬೀದಿಯ ಐದಾರು ಮನೆಯವರು ಸೇರಿ, ಬೇಸಿಗೆಗೆ ಮುಂಚೆ ಒಂದು ದಿನ ಗೊತ್ತು ಮಾಡಿ ಕರೆಸಿಕೊಳ್ಳಲಿ. ಖರ್ಚು ಹಂಚಿಹೋಗುತ್ತದೆ. ಹಬ್ಬಕ್ಕೆ ಚಂದಾ ಎತ್ತುವ ನಮಗೆ ಇದು ಕಷ್ಟವಲ್ಲ.

ಮೂರು: "ಇದನ್ನೆಲ್ಲ ಶಾಲೆಯಲ್ಲಿ ಯಾಕೆ ಹೇಳಬೇಕು?" ಇದಕ್ಕೆ ಸ್ವಲ್ಪ ದೀರ್ಘವಾಗಿ ಉತ್ತರಿಸಬೇಕು.

ನಾವು ತಂದ ಫ್ಯಾನಿನ ಡಬ್ಬದಲ್ಲಿ ಒಂದು ಕಾಗದವಿತ್ತು. ಇಂಗ್ಲಿಷಿನಲ್ಲಿತ್ತು, ಹಿಂದಿಯಲ್ಲಿತ್ತು. ಪಿನ್ನು ಎಲ್ಲಿ ಹಾಕಬೇಕೆಂದು ಅದರಲ್ಲಿ ಚಿತ್ರವೂ ಇತ್ತು. ಬಿ.ಎ. ಓದಿದ ನಾವೇ ಸಣ್ಣ ಅಕ್ಷರ ನೋಡಿ ಮಡಚಿಟ್ಟೆವು. ಇನ್ನು ಕನ್ನಡ ಬಿಟ್ಟರೆ ಬೇರೆ ಓದಲು ಬಾರದ ತಾಯಂದಿರು, ಮಾತಿಗಷ್ಟೇ ತಮಿಳು ಬರುವ ಅಪ್ಪಂದಿರು ಅದನ್ನು ಏನು ಮಾಡಬೇಕು? ಒಲೆಗೆ ಹಾಕುತ್ತಾರೆ. ಅವರ ಮನೆಯಲ್ಲಿ ಓದಬಲ್ಲವರು ಎಂದರೆ ನಮ್ಮ ಮಕ್ಕಳು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳು ತಮಿಳನ್ನೂ ಕಲಿಯುತ್ತಾರೆ, ಇಂಗ್ಲಿಷನ್ನೂ ಓದುತ್ತಾರೆ, ವಿಜ್ಞಾನವನ್ನು ಕನ್ನಡದಲ್ಲಿ ತಿಳಿದುಕೊಳ್ಳುತ್ತಾರೆ. ತಮಿಳು ಪಾಠದಲ್ಲಿ 'ಮಿನ್‌ವಿಸಿರಿ' ಎಂದು ಓದಿದ ಮಗುವಿಗೆ ನಾವು 'ವೀಸು' ಎಂದರೆ ನಮ್ಮ 'ಬೀಸು', ಬೀಸಣಿಗೆಯ ಬೀಸು ಎಂದಾಗ ಅದರ ಮುಖ ಅರಳುತ್ತದೆ. ಇಂಥ ಮಗುವೇ ಆ ಕಾಗದವನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಬಲ್ಲದು.

"ಕನ್ನಡ ಶಾಲೆಯಲ್ಲಿ ಓದಿಸಿ ಏನು ಪ್ರಯೋಜನ ಸಾ?" ಎಂದು ದಾಖಲಾತಿ ಸಮಯದಲ್ಲಿ ಪೋಷಕರು ಕೇಳುತ್ತಾರೆ. ಅದಕ್ಕೆ ನಾವು ಭಾಷೆಯ ಹಿರಿಮೆ ಹೇಳುತ್ತೇವೆ, ನಾಡು ನುಡಿ ಎನ್ನುತ್ತೇವೆ. ಅದೆಲ್ಲ ಸರಿಯೇ. ಆದರೆ ಪೋಷಕರು ಕೇಳುವುದು ಅದನ್ನಲ್ಲ. ಕಲಿತದ್ದು ಬದುಕಿಗೆ ಬರುತ್ತದೆಯೇ ಎಂದು ಅವರು ಕೇಳುತ್ತಿದ್ದಾರೆ. ನಮ್ಮ ಪಾಠ ಶಾಲೆಯ ಗೇಟು ದಾಟಿ ಮನೆಯ ಸೂರಿನ ತನಕ ಹೋಗದಿದ್ದರೆ ಅವರ ಪ್ರಶ್ನೆಯೇ ಗೆದ್ದಂತೆ. ತಾಯ್ನುಡಿಯಲ್ಲಿ ಕಲಿತದ್ದು ತಾಯಿಯ ಕಿವಿಗೆ ಅಂದೇ ಸಂಜೆ ಮುಟ್ಟುತ್ತದೆ. ನಮ್ಮ ಶಾಲೆಗಳ ನಿಜವಾದ ಬಲ ಅಲ್ಲಿದೆ.

ಆದ್ದರಿಂದ ಈ ಸಲ ನಾವು ವಿದ್ಯುತ್ತಿನ ಪಾಠ ಮುಗಿದ ಮೇಲೆ ಒಂದು ಪೀರಿಯಡ್ಡು ಫ್ಯಾನಿಗೇ ಕೊಟ್ಟೆವು. ಮಕ್ಕಳನ್ನು ಏಣಿ ಹತ್ತಿಸಲಿಲ್ಲ, ಹತ್ತಿಸಲೂ ಬಾರದು. ತಂತಿ ಮುಟ್ಟುವ ಕೆಲಸ ದೊಡ್ಡವರದೇ. ಮಕ್ಕಳ ಕೆಲಸ ನೋಡುವುದು, ಕೇಳುವುದು, ಬರೆಯುವುದು. ಎಲ್ಲರೂ ಸೇರಿ ಕನ್ನಡದಲ್ಲಿ ಒಂದು ಚೀಟಿ ಬರೆದರು, ಮನೆಯ ಮೇನ್ ಸ್ವಿಚ್ಚಿನ ಪಕ್ಕ ಅಂಟಿಸಲು. ಅದು ಹೀಗಿದೆ:

1. ಮೇನ್ ಇಳಿಸಿದ ಮೇಲೇ ಏಣಿ ಹತ್ತುವುದು. ಒಬ್ಬರು ಕೆಳಗಿರಬೇಕು.
2. ಕೊಕ್ಕೆ, ತೊಲೆ ಗಟ್ಟಿ ಇದೆಯೇ? ತುಕ್ಕು, ಗೆದ್ದಲು ಇದೆಯೇ?
3. ರಾಡಿನ ಮೇಲಿನ ಬೋಲ್ಟಿಗೂ ಕೆಳಗಿನ ಬೋಲ್ಟಿಗೂ ನಟ್ಟು, ಪಿನ್ನು ಎರಡೂ ಇವೆಯೇ? ಪಿನ್ನಿನ ಕಾಲು ಮಡಚಿದೆಯೇ?
4. ಕೊಕ್ಕೆಗೆ ಕೂರುವ ರಬ್ಬರು ಸವೆದಿದೆಯೇ?
5. ಹಸಿರು ತಂತಿ ಸೇರಿಸಿದ್ದಾರೆಯೇ? ತಂತಿಯ ಜೋಡಣೆ ಬರಿಮೈಯಲ್ಲಿ ಇದೆಯೇ?
6. ಉಕ್ಕಿನ ಹುರಿ ಇದ್ದರೆ ಕಟ್ಟಿದ್ದಾರೆಯೇ?
7. ರೆಕ್ಕೆಯ ಎಲ್ಲ ಸ್ಕ್ರೂ ಬಿಗಿ ಇವೆಯೇ? ರೆಕ್ಕೆಗಳು ಒಂದೇ ಜೊತೆಯವೇ? ಬೇರೆ ಫ್ಯಾನಿನ ರೆಕ್ಕೆ ಬೆರೆಸಿದರೆ ತೂಕ ತಪ್ಪಿ ಅದುರುತ್ತದೆ.
8. ಸದ್ದು ಬಂದರೆ, ಅದುರಿದರೆ ನಿಲ್ಲಿಸಿ ನೋಡುವುದು. ವೇಗ ಕಡಿಮೆ ಮಾಡುವುದು ರಿಪೇರಿ ಅಲ್ಲ.

ಎಂಟನೆಯದನ್ನು ಬರೆಸಿದವನು ಆ ಹಾಲಿನ ಹುಡುಗನೇ. ಬರೆಸುವಾಗ ನಮ್ಮ ಕಡೆ ನೋಡಿ ಮುಗುಳ್ನಕ್ಕ. ನಾವು ತಲೆ ತಗ್ಗಿಸಿ ಹಾಜರಿ ಪುಸ್ತಕ ತಿರುವಿದೆವು. ಮಾರನೆಯ ದಿನ ಹುಡುಗಿಯೊಬ್ಬಳು ಬಂದು, "ನಮ್ಮ ಮನೇಲಿ ಪಿನ್ನಿನ ಬದಲು ಮೊಳೆ ಹಾಕವ್ರೆ ಸಾ, ಅಪ್ಪ ಇವತ್ತು ಬದಲಾಯಿಸ್ತಾರಂತೆ" ಎಂದಳು. ಇಷ್ಟು ವರ್ಷದ ಮೇಷ್ಟ್ರುಗಿರಿಯಲ್ಲಿ ಪಾಠ ಮುಟ್ಟಿತು ಎಂದು ಅಷ್ಟು ಬೇಗ ನಮಗೆ ತಿಳಿದದ್ದು ಅದೇ ಮೊದಲು.

ಆಯುಧಪೂಜೆಯ ದಿನ ನಾವು ಮಚ್ಚು, ಕುಡುಗೋಲು, ಸೈಕಲ್ಲಿನ ಜೊತೆಗೆ ಫ್ಯಾನಿಗೂ ಕುಂಕುಮ ಇಡುತ್ತೇವೆ. ಧೂಳು ಒರೆಸಲು ಹೇಗೂ ಏಣಿ ಹತ್ತುತ್ತೇವೆ. ಅವತ್ತು ಮೇನ್ ಇಳಿಸಿ, ಬಟ್ಟಲು ಸರಿಸಿ, ಪಿನ್ನು ಇದೆಯೇ ಎಂದು ಒಮ್ಮೆ ನೋಡಿಬಿಡಿ. ಕುಂಕುಮ ಆಮೇಲೆ ಇಡೋಣ.